ಗಂಟು ಹೊರಟಿತ್ತು, ಮಾಳವ್ವ ಹೊರಟಿರಲಿಲ್ಲ

ಹತ್ತಿರ ಬನ್ನಿ, ಕೂತುಕೊಳ್ಳಿ. ಇದು ನಗಿಸುವ ಕತೆಯಲ್ಲ. ನಡುವೆ ನಗು ಬಂದರೆ ನಕ್ಕುಬಿಡಿ, ಆಮೇಲೆ ಯಾಕೆ ನಕ್ಕೆವು ಅನ್ನಿಸಿದರೆ ನನ್ನನ್ನು ದೂರಬೇಡಿ.

ಮಂದಾಲಪುರ ಎಂಬ ರಾಜ್ಯ. ಅಲ್ಲೊಬ್ಬ ರಾಜ, ದಿಗ್ವಿಜಯರಾಯ. ಹೆಸರು ಕೇಳಿ ಹೆದರಬೇಡಿ. ಆ ಪುಣ್ಯಾತ್ಮ ದಿಕ್ಕು ಗೆಲ್ಲುವುದಿರಲಿ, ಹುಟ್ಟಿದಾಗಿನಿಂದ ಕೋಟೆ ಬಾಗಿಲು ದಾಟಿದವನಲ್ಲ. ಸಮುದ್ರ ನೋಡಬೇಕೆಂಬ ಆಸೆ ಅವನಿಗೆ ಮೀಸೆ ಮೂಡುವ ಮೊದಲೇ ಹುಟ್ಟಿತ್ತು. ಸಮುದ್ರವೇನು ದೂರವಲ್ಲ, ಪಡುವಣಕ್ಕೆ ಮೂರು ಹಗಲಿನ ದಾರಿ. ಈಗ ಮೀಸೆ ಬೆಳ್ಳಗಾಗಿತ್ತು. ಸಮುದ್ರ ಅಲ್ಲೇ ಇತ್ತು, ರಾಜ ಇಲ್ಲೇ ಇದ್ದ.

ಯಾಕೆ ಅಂದರೆ, ಗಳಿಗೆ ಕೂಡಿ ಬಂದಿರಲಿಲ್ಲ.

ಗಳಿಗೆ ಹೇಳುವವನು ಅರಮನೆಯ ಅಚ್ಯುತ ಜೋಯಿಸ. ಅವನ ಪಂಚಾಂಗದಲ್ಲಿ ಬಿತ್ತನೆಗೆ ಹೊತ್ತಿತ್ತು, ಮದುವೆಗೆ ಹೊತ್ತಿತ್ತು, ಊಟಕ್ಕಂತೂ ಎಲ್ಲ ಹೊತ್ತೂ ಒಳ್ಳೆಯ ಹೊತ್ತೇ. ಪ್ರಯಾಣಕ್ಕೆ ಮಾತ್ರ ಹೊತ್ತೇ ಸಿಗುತ್ತಿರಲಿಲ್ಲ. ಕೆಟ್ಟ ಗಳಿಗೆಯಲ್ಲಿ ಒಬ್ಬರು ಹೊರಟರೂ ರಾಜ್ಯಕ್ಕೇ ಕೇಡು ಎಂದು ಅವನು ರಾಜನ ಕಿವಿ ಊದಿದ್ದ. ರಾಜ ಡಂಗುರ ಹೊಡೆಸಿದ್ದ: ಜೋಯಿಸರ ಅಪ್ಪಣೆಯಿಲ್ಲದೆ ಪಯಣ ಹೊರಟವರು ಮತ್ತೆ ಕೋಟೆಯೊಳಗೆ ಕಾಲಿಡಕೂಡದು.

ಹಾಗಂತ ಜನ ಸುಮ್ಮನೆ ಕೂತಿರಲಿಲ್ಲ. ಪರಸ್ತಾನ ಇಡುತ್ತಿದ್ದರು.

ಪರಸ್ತಾನ ಅಂದರೆ ಹಿರಿಯರು ಕಂಡುಕೊಂಡ ಒಂದು ಉಪಾಯ. ಹೊರಡಲು ಗಳಿಗೆ ಚೆನ್ನಾಗಿದೆ, ಆದರೆ ಮನೆಯಲ್ಲಿ ಕೆಲಸ ಉಳಿದಿದೆ ಅನ್ನಿ. ಆಗ ಬುತ್ತಿ, ಬಟ್ಟೆ ಗಂಟು ಕಟ್ಟಿ, ಆ ಗಳಿಗೆಗೆ ಸರಿಯಾಗಿ ಬೇರೆಯವರ ಮನೆಯಲ್ಲಿ ಇಟ್ಟು ಬರುವುದು. ಗಂಟು ಹೊಸ್ತಿಲು ದಾಟಿದರೆ ಮನುಷ್ಯ ಹೊರಟಂತೆಯೇ. ನಾಳೆಯೋ ನಾಡಿದ್ದೋ ಆ ಗಂಟು ಎತ್ತಿಕೊಂಡು ನಡೆಯುವುದು. ಹಿರಿಯರು ಇದನ್ನು ಮಾಡಿದ್ದು ಹೊರಡುವುದಕ್ಕೆ. ಮಂದಾಲಪುರದವರು ಇದನ್ನು ಹೊರಡದೇ ಇರುವುದಕ್ಕೆ ಬಳಸಿಕೊಂಡರು. ಜೋಯಿಸನ ಮನೆಯಲ್ಲಿ ಗಂಟು ಇಡುವುದು, ಮನೆಗೆ ಬಂದು ಕಾಲು ತೊಳೆದು ಮಲಗುವುದು.

"ಏನ್ರೀ, ಕಾಶಿಗೆ ಹೊರಟೀರಂತ?"

"ಹೌದ್ರೀ, ಹೊರಟು ಆರು ವರ್ಷಾತು."

ಇಂಥ ಜನ. ರಾಜನ ಗಂಟೂ ಜೋಯಿಸನ ಅಟ್ಟದ ಮೇಲೆ ಹನ್ನೊಂದು ವರ್ಷದಿಂದ ಕೂತಿತ್ತು.

ಈ ಗಂಟುಗಳಿಗೆ ಬುತ್ತಿ ರೊಟ್ಟಿ ಬಡಿಯುವವಳು ಮಾಳವ್ವ. ಅವಳ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ತಿಂಗಳಿಟ್ಟರೂ ಕೆಡುತ್ತಿರಲಿಲ್ಲ. ಗಂಡ ಸತ್ತು ಬಹಳ ವರ್ಷವಾಗಿತ್ತು. ಇದ್ದವಳು ಒಬ್ಬಳೇ ಮಗಳು, ಸಾವಂತ್ರಿ. ಅವಳನ್ನು ಹೊಳೆಯಾಚೆ ಸಮುದ್ರದ ಹತ್ತಿರದ ಕೆಂಗಲ್ಲು ಎಂಬ ಊರಿಗೆ ಕೊಟ್ಟಿದ್ದಳು. ಹೆಣ್ಣು ಕಳಿಸುವ ಗಳಿಗೆ ಮಾತ್ರ ಜೋಯಿಸನಿಗೆ ಬೇಗ ಸಿಕ್ಕಿತ್ತು. ಬೀಗರು ಅವನ ಎಲೆಗೆ ಹೋಳಿಗೆ ಮೇಲೆ ಹೋಳಿಗೆ ಬಡಿಸಿದ್ದರಲ್ಲ.

ಆ ಸೀಮೆಯಿಂದ ತಿಂಗಳಿಗೊಮ್ಮೆ ಉಪ್ಪು ಹೇರಿಕೊಂಡು ಬರುವವನು ದುಗ್ಗಪ್ಪ. ಹೊರಗಿನವನು, ಅವನಿಗೆ ಜೋಯಿಸನ ಕಟ್ಟಳೆ ಇಲ್ಲ. ಒಂದು ದಿನ ಕತ್ತೆ ಕಟ್ಟಿ ಮಾಳವ್ವನ ಕಟ್ಟೆ ಮೇಲೆ ಕೂತು ಅಂದ: "ಯವ್ವಾ, ನಿನ್ನ ಮಗಳು ಬಸುರಾಗ್ಯಾಳ. ಏಳು ತಿಂಗಳು. ಚೊಚ್ಚಲ ಬಾಣಂತನ ತವರಾಗ ಆಗಬೇಕಲ್ಲ, ಅವ್ವ ಕರಿಯಾಕ ಯಾವಾಗ ಬರ್ತಾಳ ಅಂತ ಕೇಳ್ಯಾಳ."

ಮಾಳವ್ವ ಹಿಟ್ಟಿನ ಕೈಯಲ್ಲೇ ಜೋಯಿಸನ ಮನೆಗೆ ಓಡಿದಳು. ಜೋಯಿಸ ಬೆರಳು ಮಡಿಚಿದ, ಕಣ್ಣು ಮುಚ್ಚಿದ.

"ಇವತ್ತು ಶುಕ್ರವಾರ, ಪಡುವಣಕ್ಕ ಶೂಲಿ ಅದ, ಆ ದಿಕ್ಕಿಗೆ ಹೋಗೂ ಹಂಗಿಲ್ಲ. ನಾಳೆ ಚತುರ್ದಶಿ. ನಾಡಿದ್ದು ಅಮಾಸಿ. ಮರುದಿನ ಪಾಡ್ಯ, ಪಾಡ್ಯಕ್ಕ ಪಯಣ ಇಲ್ಲ. ಬಿದಿಗಿ ಬಂತಂದ್ರ ಮಂಗಳವಾರ."

"ಬುಧವಾರ ಹೋಗ್ಲೇನ್ರಿ?"

"ಬುಧವಾರ ನಿನ್ನ ಜನ್ಮನಕ್ಷತ್ರ."

"ಹಂಗಾದ್ರ ಯಾವಾಗ್ರಿ?"

"ತಡಿ ಮಾಳವ್ವ. ಈಗ ಗಳಿಗಿ ಚೊಲೊ ಅದ. ನಿನಗಲ್ಲ, ಗಂಟಿಗೆ. ಪರಸ್ತಾನ ಇಟ್ಟು ಹೋಗು. ಹೊರಟಂಗನ."

ಮಾಳವ್ವ ಅನುಮಾನಿಸಿದಳು. ಜೋಯಿಸ ದನಿ ತಗ್ಗಿಸಿದ: "ಕೆಟ್ಟ ಗಳಿಗ್ಯಾಗ ಹೊರಟರ ಕೇಡು ನಿನಗ ತಗಲೂದಿಲ್ಲ. ನೀ ಯಾರನ್ನ ನೋಡಾಕ ಹೊರಟೀಯೋ ಅವರಿಗೆ ತಗಲ್ತದ. ತಿಳ್ಕೊ."

ತಾಯಿ ಕಾಲಿಗೆ ಇದಕ್ಕಿಂತ ದೊಡ್ಡ ಬೇಡಿ ಬೇಕೆ? ಮಾಳವ್ವ ಇಪ್ಪತ್ತು ರೊಟ್ಟಿ, ಒಂದು ಸೀರೆ, ಒಂದು ಗಡಿಗೆ ತುಪ್ಪ ಗಂಟು ಕಟ್ಟಿ ಇಟ್ಟು ಬಂದಳು. "ಅವ್ವ ಪರಸ್ತಾನ ಇಟ್ಟಾಳ ಅಂತ ಹೇಳು" ಎಂದು ದುಗ್ಗಪ್ಪನ ಕೈಯಲ್ಲಿ ಹೇಳಿ ಕಳಿಸಿದಳು. ಅವಳಿಗೆ ನಿಜಕ್ಕೂ ಅರ್ಧ ದಾರಿ ಹೋದಷ್ಟು ಸಮಾಧಾನವಾಯಿತು. ಅದೇ ನೋಡಿ ಆ ಊರಿನ ರೋಗ.

ತಿಂಗಳಾಯಿತು. ದುಗ್ಗಪ್ಪ ಮತ್ತೆ ಬಂದ. "ಯವ್ವಾ, ದಿನ ತುಂಬಾಕ ಬಂದಾವ. ಇನ್ನ ಆಕಿನ್ನ ಕರ್ಕೊಂಡು ಬರೂದು ಆಗೂದಿಲ್ಲ. ಅವ್ವನ ಬಂದು ಹೆರಿಗಿ ಮಾಡ್ಲಿ ಅಂತಾಳ. ಆಕಿಗೆ ಅಂಜಿಕಿ ಆಗೇದ."

ಮಾಳವ್ವ ಮತ್ತೆ ಓಡಿದಳು. ಜೋಯಿಸ ಮತ್ತೆ ಬೆರಳು ಮಡಿಚಿದ.

"ಶೂನ್ಯಮಾಸ ನಡದದ. ಕಾಲು ಹೊರಗ ಇಡೂ ಹಂಗಿಲ್ಲ. ಗಂಟಿಗೆ ಏನೂ ದೋಷ ಇಲ್ಲ."

ಈ ಸಲ ಗಂಟಿನಲ್ಲಿ ಬಾಣಂತಿಗೆಂದು ಅಂಟಿನ ಉಂಡೆ ಇಟ್ಟಳು. ತನ್ನ ಮದುವೆಯ ಸೀರೆಯ ಸೆರಗು ಕತ್ತರಿಸಿ ಕೂಸಿನ ತಲೆಗೆ ಕುಂಚಿಗೆ ಹೊಲಿದು ಇಟ್ಟಳು. ಮತ್ತೆ ಅದೇ ಮಾತು ಹೇಳಿ ಕಳಿಸಿದಳು: ಅವ್ವ ಪರಸ್ತಾನ ಇಟ್ಟಾಳ.

ಮೂರನೆಯ ಸಲ ದುಗ್ಗಪ್ಪ ಬಂದದ್ದು ತಿಂಗಳಿಗಲ್ಲ, ಇಪ್ಪತ್ತೈದು ದಿನಕ್ಕೆ. ಕತ್ತೆಯ ಮೇಲೆ ಉಪ್ಪಿರಲಿಲ್ಲ.

"ಹೆಣ್ಣು ಕೂಸು ಆಗೇದ ಯವ್ವಾ. ಕೂಸು ಗಟ್ಟಿ ಅದ. ಆದ್ರ ಬಾಣಂತಿಗೆ ಜ್ವರ ಇಳೀವಲ್ದು. ನಾ ಇದನ್ನ ಹೇಳಾಕನ ಬಂದೀನಿ. ನಡಿ, ನನ್ನ ಕೂಡ ಈಗ ನಡಿ."

ಮಾಳವ್ವ ಸೆರಗು ಸಿಕ್ಕಿಸಿಕೊಂಡಳು. ಎರಡು ಹೆಜ್ಜೆ ಇಟ್ಟಳು. ಕೇಡು ಮಗಳಿಗೆ ತಗಲುತ್ತದೆ ಎಂಬ ಮಾತು ನೆನಪಾಗಿ ನಿಂತಳು. ಮೊದಲೇ ಜ್ವರ, ಮೇಲೆ ನನ್ನ ಕೆಟ್ಟ ಗಳಿಗೆ ಬೇರೆಯೇ? ಕಾಲು ಕೋಟೆ ಬಾಗಿಲ ಕಡೆ ಹೋಗಲಿಲ್ಲ, ಜೋಯಿಸನ ಮನೆ ಕಡೆ ಹೋಯಿತು. ಜೋಯಿಸ ಗ್ರಹಣ ಬಂತು ಅಂದ. ಇಪ್ಪತ್ತೊಂದು ದಿನ ತಡಿ ಅಂದ. ಮೂರನೆಯ ಗಂಟು ಅಟ್ಟ ಏರಿತು. ದುಗ್ಗಪ್ಪ ಅವಳ ಮುಖ ನೋಡಿ, ಕತ್ತೆ ಹೊಡೆದುಕೊಂಡು ಹೋದ.

ಮೂರು ದಿನ ಕಳೆಯಿತು. ಮೂರನೆಯ ದಿನ ಜೋಯಿಸನ ಹೆಂಡತಿ ಹಬ್ಬಕ್ಕೆ ರೊಟ್ಟಿ ಬೇಕೆಂದು ಹೇಳಿ ಕಳಿಸಿದಳು. ಮಾಳವ್ವ ರೊಟ್ಟಿ ಬುಟ್ಟಿ ಹೊತ್ತು ಅವರ ಹಿತ್ತಿಲ ಬಾಗಿಲಿಗೆ ಹೋದಳು. ಅಲ್ಲಿ ಜೋಯಿಸನ ಆಕಳು ಗೋದಲಿಯಲ್ಲಿ ಏನೋ ಕಟುಮ್ ಕಟುಮ್ ಎಂದು ತಿನ್ನುತ್ತಿತ್ತು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ. ತಾನೇ ಬಡಿದದ್ದು, ಮೊನ್ನೆ ಗಂಟಿಗೆ ಕಟ್ಟಿದ್ದು. ಒಳಗೆ ಅಂಟಿನ ಉಂಡೆ ಜಗಿಯುತ್ತ ಜೋಯಿಸ ಯಾರಿಗೋ ಗಳಿಗೆ ಹೇಳುತ್ತಿದ್ದ.

ಮಾಳವ್ವ ಬುಟ್ಟಿಯನ್ನು ಅಲ್ಲೇ ಇಳಿಸಿದಳು. ಮನೆಗೂ ಹೋಗದೆ ನೆಟ್ಟಗೆ ಕೋಟೆ ಬಾಗಿಲಿಗೆ ನಡೆದಳು. ಅಂದು ಮಂಗಳವಾರ, ಮೇಲೆ ಅಮಾವಾಸ್ಯೆ. ಬಾಗಿಲ ಕಾವಲುಗಾರರು ಅವಳನ್ನು ತಡೆಯಲೇ ಇಲ್ಲ. ಆ ಊರಲ್ಲಿ ಪಯಣ ಹೊರಟವರನ್ನು ಗುರುತಿಸುತ್ತಿದ್ದದ್ದು ಗಂಟಿನಿಂದ. ಇವಳ ಕೈಯಲ್ಲಿ ಗಂಟಿರಲಿಲ್ಲ.

ಮೊದಲ ದಿನ ಅವಳು ನಡೆದದ್ದಲ್ಲ, ನಡುಗಿದ್ದು. ಬೆಕ್ಕು ಅಡ್ಡ ಬಂತು. ಸೌದೆ ಹೊರೆ ಎದುರಾಯಿತು. ಯಾರೋ ಸೀನಿದರು. ಪ್ರತಿ ಸಲವೂ ಮಗಳಿಗೇನಾಯಿತೋ ಎಂದು ಎದೆ ಹಿಡಿದುಕೊಂಡಳು. ಸಂಜೆ ಹೊತ್ತಿಗೆ ಒಂದು ಊರು ಸಿಕ್ಕಿತು. ಮಂಗಳವಾರ, ಅಮಾವಾಸ್ಯೆ, ಆದರೂ ಊರ ತುಂಬ ಸಂತೆ. ಒಂದು ಮದುವೆ ದಿಬ್ಬಣವೂ ಹೊರಟಿತ್ತು. ಮಾಳವ್ವ ಒಬ್ಬ ಮುದುಕಿಯನ್ನು ಕೇಳಿದಳು: "ಯಕ್ಕಾ, ಇವತ್ತು ಮದುವಿ ದಿಬ್ಬಣ ಹೊರಡಸೀರಲ್ಲ, ಕೇಡಲ್ಲೇನು?" ಮುದುಕಿ ಅಂದಳು: "ಮಂಗಳವಾರ ನಮ್ಮ ದೇವರ ವಾರ. ನಮ್ಮಲ್ಲಿ ಶನಿವಾರ ಹೊರಡಂಗಿಲ್ಲ ನೋಡು."

ಎರಡನೆಯ ದಿನದ ಊರಲ್ಲಿ ಶನಿವಾರ ಬಲು ಶ್ರೇಷ್ಠವಾಗಿತ್ತು. ಅವರು ಹೆದರುತ್ತಿದ್ದದ್ದು ಗುರುವಾರಕ್ಕೆ. ಬೆಕ್ಕು ಅಡ್ಡ ಬಂದರೆ ಅಲ್ಲಿಯವರು ಹಾಲು ಹಾಕುತ್ತಿದ್ದರು. ಮಾಳವ್ವನಿಗೆ ತಲೆ ತಿರುಗಿತು. ಐವತ್ತು ವರ್ಷ ತಾನು ಹೆದರಿದ್ದೆಲ್ಲ ಒಂದು ಹಗಲು ನಡೆದರೆ ಮುಗಿದು ಹೋಗುತ್ತಿತ್ತು. ಭೂಮಿ ತಮ್ಮ ಕೋಟೆಯಷ್ಟೇ ಅಂದುಕೊಂಡಿದ್ದೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು, ಸಿಟ್ಟೂ ಬಂತು.

ಮೂರನೆಯ ದಿನ ಹೊಳೆ. ಅಂಬಿಗ ದೋಣಿಯಲ್ಲಿ ಕೂತು ಬೀಡಿ ಸೇದುತ್ತಿದ್ದ. ಹಳೆಯ ಚಾಳಿ ಬಿಟ್ಟೀತೆ? ಮಾಳವ್ವ ಕೇಳಿದಳು: "ಅಣ್ಣಾ, ಹೊಳಿ ದಾಟಾಕ ಈಗ ಗಳಿಗಿ ಹೆಂಗದ?"

ಅಂಬಿಗ ಅವಳನ್ನೇ ನೋಡಿದ. "ನೀರು ಇಳದದ. ದೋಣಿ ಅದ. ನೀ ಬಂದೀ. ಇದು ಗಳಿಗಿ ಅಲ್ಲಂದ್ರ ಮತ್ಯಾವುದು ತಂಗೀ?"

ದೋಣಿ ಹೊರಟಿತು. ನೀರು ತಣ್ಣಗಿತ್ತು. ಮಾಳವ್ವ ಕೈ ಅದ್ದಿದಳು. ಎದುರು ದಡದಲ್ಲಿ ಬಿಸಿಲು ಬಿದ್ದಿತ್ತು, ಗಾಳಿಯಲ್ಲಿ ಉಪ್ಪಿನ ವಾಸನೆ ಇತ್ತು, ಹೊಳೆ ಕೂಡುವಲ್ಲಿ ಸಮುದ್ರ ಕಂಡಿತು. ಅಷ್ಟು ಹೊತ್ತು ಅವಳು ನಾಳೆಯನ್ನು ನೆನೆಯಲಿಲ್ಲ, ನಿನ್ನೆಯನ್ನೂ ನೆನೆಯಲಿಲ್ಲ. ಮಗಳ ಕೈ ಹಿಡಿದು ಕೂಸನ್ನು ಎತ್ತಿಕೊಂಡು ಇಲ್ಲಿಗೆ ಬರಬೇಕು ಅಂದುಕೊಂಡಳು. ಅವಳ ಜೀವಮಾನದಲ್ಲಿ ಅಷ್ಟು ಸುಖದ ಗಳಿಗೆ ಬೇರೆ ಇರಲಿಲ್ಲ. ಅದು ದೋಣಿ ದಡ ಮುಟ್ಟುವವರೆಗೆ ಇತ್ತು.

ಕೆಂಗಲ್ಲಿನ ಬೀಗರ ಮನೆ ಮುಂದೆ ಜನ ಕೂತಿದ್ದರು. ಯಾರೂ ಎದ್ದು ಬನ್ನಿ ಅನ್ನಲಿಲ್ಲ. ಬೀಗತಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡಿದ್ದಳು.

"ಮೊನ್ನೆ ಮುಂಜಾನಿ ಹೋದಳು" ಅಂದಳು.

ಮೊನ್ನೆ. ದುಗ್ಗಪ್ಪ ಕರೆದಾಗ ಅವನ ಕೂಡ ಬಂದಿದ್ದರೆ ಒಂದು ದಿನ ಮೊದಲೇ ಮುಟ್ಟುತ್ತಿದ್ದಳು. ಮಾಳವ್ವ ಮುದುಡಿಕೊಂಡು ಕೂತಳು.

ಬೀಗತಿ ಕೆಟ್ಟವಳಲ್ಲ. ಆದರೂ ಒಳಗಿದ್ದದ್ದನ್ನು ಹೇಳದೆ ಇರಲಾಗಲಿಲ್ಲ. "ಹಾಸಿಗಿ ಬಾಗಿಲ ಹತ್ರ ಹಾಕಿಸ್ಕೊಂಡಿದ್ಲು, ದಾರಿ ಕಾಣ್ಲಿ ಅಂತ. ನಿಮ್ಮ ಅವ್ವ ಬರೂದಿಲ್ಲ ಬಿಡು, ನಾವಽ ನೋಡ್ಕೊಂತೀವಿ ಅಂದೆ. 'ಇಲ್ರೀ ಅತ್ತಿ, ಅವ್ವ ಪರಸ್ತಾನ ಇಟ್ಟಾಳ, ಆಗಲೇ ಹೊರಟಾಳ' ಅಂತಿದ್ಲು. ಹೊರಟವರು ಎರಡು ತಿಂಗಳು ದಾರಿಯಾಗ ಏನ ಮಾಡ್ತಾರ ಅಂತ ಕೇಳಿದೆ. 'ಹೊರಟಾಳ್ರೀ' ಅಂದ್ಲು. ಕಡೀತನಕ ಅದನ್ನಽ ಅಂದ್ಲು."

ಮಾಳವ್ವ ಹದಿನಾಲ್ಕು ದಿನ ಅಲ್ಲಿದ್ದಳು. ಹದಿನೈದನೆಯ ದಿನ ಕೂಸಿನ ತಲೆ ಸವರಿ, "ಒಂದು ಕೆಲಸ ಅದ, ಮುಗಿಸಿ ಬರ್ತೀನಿ" ಎಂದು ಬೀಗತಿಗೆ ಹೇಳಿ, ಮಂದಾಲಪುರದ ದಾರಿ ಹಿಡಿದಳು. ಕೋಟೆ ಬಾಗಿಲಲ್ಲೇ ಅವಳನ್ನು ಹಿಡಿದು ರಾಜನ ಮುಂದೆ ನಿಲ್ಲಿಸಿದರು. ಊರೆಲ್ಲ ಸೇರಿತ್ತು. ಮಗಳು ಸತ್ತ ಸುದ್ದಿ ಅವಳಿಗಿಂತ ಮೊದಲೇ ಊರು ಮುಟ್ಟಿತ್ತು.

ಜೋಯಿಸ ಎದ್ದು ನಿಂತ. "ದೊರೆ, ಈಕಿ ಮಂಗಳವಾರ, ಅಮಾಸಿ ದಿನ, ಅಪ್ಪಣಿ ಇಲ್ಲದ ಹೊರಟಾಳ. ಕೇಡು ಮಗಳಿಗೆ ತಗಲ್ತು, ಮಗಳು ಸತ್ತಳು. ನಾ ಹೇಳಿರಲಿಲ್ಲೇನು? ಇಂಥಾಕಿನ್ನ ಒಳಗ ಬಿಡಬಾರದು."

ಸತ್ತ ಮಗಳನ್ನೂ ತನ್ನ ಸಾಕ್ಷಿಗೆ ಎಳೆದ ನೋಡಿ ಆ ಮನುಷ್ಯ. ಮಾಳವ್ವ ಅವನ ಕಡೆ ತಿರುಗಲೇ ಇಲ್ಲ.

"ದೊರೆ, ನಾ ಅಮಾಸಿ ದಿನ ಹೊರಟಿಲ್ರಿ. ನಾ ಹೊರಟು ಎರಡು ತಿಂಗಳ ಮ್ಯಾಲಾತು. ಜೋಯಿಸರ ಮನ್ಯಾಗ, ಜೋಯಿಸರು ಹೇಳಿದ ಗಳಿಗ್ಯಾಗ, ಮೂರು ಸಲ ಪರಸ್ತಾನ ಇಟ್ಟೀನಿ. ಪರಸ್ತಾನ ಇಟ್ಟರ ಹೊರಟಂಗ ಹೌದೋ ಅಲ್ಲೋ, ಅವರನ್ನಽ ಕೇಳ್ರಿ."

ರಾಜ ಜೋಯಿಸನನ್ನು ನೋಡಿದ. ಅಲ್ಲ ಅಂದರೆ ರಾಜನ ಹನ್ನೊಂದು ವರ್ಷ ನೀರಲ್ಲಿ ಹೋಮ ಮಾಡಿದಂತೆ. ಹೌದು ಅಂದರೆ ಮಾಳವ್ವ ಗೆದ್ದಂತೆ. ಅವನು ನಡುವೆ ನುಸುಳಲು ನೋಡಿದ.

"ಹೌದು ದೊರೆ, ಹೊರಟಂಗನ. ಆದ್ರ ಗಂಟು ಬಿಚ್ಚದ ಇರಬೇಕು, ಹೋಗುವಾಗ ಅದನ್ನ ತಗೊಂಡು ಹೋಗಬೇಕು. ಈಕಿ ಗಂಟು ಬಿಟ್ಟು ಹೋಗ್ಯಾಳ. ಪರಸ್ತಾನ ಕೆಟ್ಟಿತು."

"ಬಿಚ್ಚದ ಇದ್ರ ತಪ್ಪು ನನ್ನದು" ಅಂದಳು ಮಾಳವ್ವ. "ನನ್ನ ಗಂಟು ತರಸ್ರಿ ದೊರೆ. ಹೆಂಗೂ ಅಟ್ಟ ಏರ್ತಾರ, ನಿಮ್ಮ ಗಂಟೂ ತರಸ್ರಿ."

ಆಳುಗಳು ಓಡಿದರು. ಅಟ್ಟದಿಂದ ಗಂಟುಗಳನ್ನು ತಂದು ಸುರಿದರು. ಮಾಳವ್ವನ ಮೂರೂ ಗಂಟಿನಲ್ಲಿ ಭತ್ತದ ಹುಲ್ಲು, ತೂಕಕ್ಕೆ ಒಂದೊಂದು ಇಟ್ಟಿಗೆ. ಕುಂಚಿಗೆ ಜೋಯಿಸನ ಅಡಿಗೆಮನೆಯಲ್ಲಿ ಸಿಕ್ಕಿತು. ಉಪ್ಪಿನಕಾಯಿ ಜಾಡಿಯ ಬಾಯಿಗೆ ಕಟ್ಟಿದ್ದರು. ಅದನ್ನು ಆಳು ಮಾಳವ್ವನ ಕೈಗೆ ಕೊಟ್ಟಾಗ ಅವಳ ಕೈಗೆ ಎಣ್ಣೆ, ಖಾರ ಹತ್ತಿತು. ರಾಜನ ಗಂಟಿನಲ್ಲೂ ಹುಲ್ಲು, ಇಟ್ಟಿಗೆಯೇ. ಅದರಲ್ಲಿಟ್ಟಿದ್ದ ಕೆಂಪು ಶಾಲು ಎಲ್ಲಿ ಎಂದು ರಾಜ ಕೇಳಲಿಲ್ಲ. ಜೋಯಿಸ ಹೊದ್ದಿದ್ದ ಶಾಲಿನ ತುದಿ ಮಗುಚಿ ನೋಡಿದ. ಒಳಮಗ್ಗುಲಲ್ಲಿ ಅರಮನೆಯ ಜರಿ ಇತ್ತು.

"ತಲಿ ಹಾರಸ್ರೋ ಇವಂದು" ಅಂದ ರಾಜ.

"ಬ್ಯಾಡ್ರಿ" ಅಂದಳು ಮಾಳವ್ವ. "ಮೂರು ದಿನ ಅವರನ್ನ ಕೂಡಿ ಹಾಕಿ ನನ್ನ ಕೈಗೆ ಕೊಡ್ರಿ. ನಾ ಊಟಕ್ಕ ನೋಡ್ಕೊಂತೀನಿ."

ಮೊದಲ ದಿನ ಜೋಯಿಸನ ಮುಂದೆ ಎಲೆ ಹಾಕಿದಳು, ನೀರಿಟ್ಟಳು. ಜೋಯಿಸ ಕಾದ. ಅನ್ನ ಬರಲಿಲ್ಲ.

"ಊಟ ಎಲ್ಲದ?"

"ನಿಮ್ಮ ಊಟದ ಪರಸ್ತಾನ ಕುಂಬಾರರ ಮನ್ಯಾಗ ಇಟ್ಟೀನ್ರಿ. ಅನ್ನ ಹೊಸ್ತಿಲು ದಾಟೇದ. ಉಂಡಂಗನ."

ಕುಂಬಾರರ ಮನೆಯಲ್ಲಿ ಅಂದು ಹೊಟ್ಟೆ ತುಂಬ ಉಂಡರು. ಎರಡನೆಯ ದಿನ ಊಟದ ಪರಸ್ತಾನ ನೇಕಾರರ ಮನೆಗೆ ಹೋಯಿತು. ನೇಕಾರರು ಉಂಡು ತೇಗಿದರು. ಮೂರನೆಯ ದಿನ ಮಾಳವ್ವ ಬಿಸಿ ಅನ್ನ, ಸಾರು ತಂದು ಎಲೆಯ ಮೇಲೆಯೇ ಬಡಿಸಿದಳು. ಜೋಯಿಸ ಕೈ ಹಾಕಲು ಹೋದ. ಅವಳು ಎಲೆ ಎಳೆದುಕೊಂಡಳು.

"ತಡೀರಿ. ಗಳಿಗಿ ಚೊಲೊ ಅದ. ನಿಮ್ಮ ಬಾಯಿಗಲ್ಲ, ಎಲಿಗೆ. ಇಪ್ಪತ್ತೊಂದು ದಿನ ತಡೀರಿ."

ಅಂದು ಮಂಗಳವಾರ. ಇಳಿಹೊತ್ತು, ರಾಹುಕಾಲ. ಮಾಳವ್ವ ಬೇಕೆಂದೇ ಬಾಗಿಲು ತೆರೆದಿಟ್ಟು ಹೋದಳು. ಜೋಯಿಸ ಪಂಚಾಂಗ ನೋಡಲಿಲ್ಲ, ದಿಕ್ಕು ನೋಡಲಿಲ್ಲ. ಅನ್ನ ಸಿಗುವ ಊರು ಹುಡುಕಿಕೊಂಡು ಬರಿಗಾಲಲ್ಲಿ ಕೋಟೆ ದಾಟಿ ಓಡಿದ. ಗಂಟೂ ಇಲ್ಲ, ಗಳಿಗೆಯೂ ಇಲ್ಲ. ಅಪ್ಪಣೆಯಿಲ್ಲದೆ ಹೊರಟವರು ಮತ್ತೆ ಒಳಗೆ ಕಾಲಿಡಕೂಡದು ಎಂಬ ಕಟ್ಟಳೆ ಅವನದೇ ಅಲ್ಲವೇ? ಅವನಿಗೇ ಅದು ಹತ್ತಿತು. ಊರ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾಳವ್ವ ಆ ಎಲೆಯ ಅನ್ನವನ್ನು ಆಕಳಿಗೆ ಹಾಕಿ ಕೈ ತೊಳೆದಳು.

ರಾಜ ಕಟ್ಟಳೆ ತೆಗೆಸಿದ. ಜನ ತಮ್ಮ ತಮ್ಮ ಗಂಟು ಕೇಳಿಕೊಂಡು ಜೋಯಿಸನ ಮನೆಗೆ ಬಂದರು. ಅರ್ಧ ಗಂಟುಗಳಿಗೆ ಕೇಳುವವರೇ ಇರಲಿಲ್ಲ. ಕಾಶಿಗೆ ಹೊರಟವರು ಮನೆಯಲ್ಲೇ ಸತ್ತಿದ್ದರು. ರಾಜ ಮರುದಿನವೇ ಪಲ್ಲಕ್ಕಿ ಏರಿ ಪಡುವಣದ ಗುಡ್ಡದವರೆಗೆ ಹೋದ. ಅಲ್ಲಿಂದಾಚೆ ಪಲ್ಲಕ್ಕಿ ಹೋಗದ ಇಳಿಜಾರು. ಅವನ ಮೊಣಕಾಲು ಇಳಿಯಲು ಒಪ್ಪಲಿಲ್ಲ. ಗುಡ್ಡದ ಮೇಲೆ ಕೂತು ದೂರದಲ್ಲಿ ಕಂಡ ನೀಲಿ ಗೆರೆಯನ್ನು ನೋಡಿ, ಕಣ್ಣೊರೆಸಿಕೊಂಡು ತಿರುಗಿ ಬಂದ.

ಮಾಳವ್ವ ಮನೆಗೆ ಬೀಗ ಹಾಕಿ ಕೆಂಗಲ್ಲಿಗೆ ಹೊರಟಳು. ನೆರೆಮನೆಯ ತುಂಗವ್ವ ಬಾಗಿಲಿಗೆ ಬಂದು ಅಂದಳು: "ಆ ಪಾಪಿ ಜೋಯಿಸ ನಿನ್ನ ಮಗಳ್ನ ತಿಂದ ನೋಡವ್ವ. ನೀ ಚೊಲೊ ಬುದ್ಧಿ ಕಲಿಸಿದಿ. ಇನ್ನರ ಸಮಾಧಾನ ತಗೊ."

ಮಾಳವ್ವ ಬೀಗದ ಕೈಯನ್ನು ಸೆರಗಿಗೆ ಕಟ್ಟಿಕೊಂಡಳು.

"ಜೋಯಿಸ ಹೋಗಬ್ಯಾಡ ಅಂದ, ಖರೆ" ಅಂದಳು. "ಕಾಲು ನನ್ನವಽ ಇದ್ದವಲ್ಲ ತುಂಗವ್ವ."

ಅಷ್ಟು ಹೇಳಿ ನಡೆದಳು.

ನೀತಿ ಬೇಕು ಅನ್ನುತ್ತೀರಿ, ತೆಗೆದುಕೊಳ್ಳಿ. ಊರು ಬಿಟ್ಟು ನಾಲ್ಕು ಹೆಜ್ಜೆ ನಡೆದು ನೋಡಿ, ನಿಮ್ಮ ಭಯ ನಿಮ್ಮ ಊರಿನದಷ್ಟೇ ಎಂದು ಗೊತ್ತಾಗುತ್ತದೆ. ಹೋಗಬೇಕಾದ ಕಡೆ ಇವತ್ತೇ ಹೋಗಿ. ಕಾಯುವವರಿಗೆ ಇರುವುದು ಇವತ್ತು ಒಂದೇ. ಮೋಸ ಮಾಡಿದವನಿಗೆ ಶಿಕ್ಷೆ ಇವತ್ತಲ್ಲ ನಾಳೆ ಸಿಕ್ಕೀತು. ತಡ ಮಾಡಿದವರಿಗೆ ಕಳೆದ ಹೊತ್ತು ಸಿಗುವುದಿಲ್ಲ. ಕತೆ ಇಲ್ಲಿಗೆ ಆಯಿತು, ಏಳಿ. ಯಾರನ್ನಾದರೂ ನೋಡಬೇಕಾಗಿದ್ದರೆ ಮನೆಗೆ ಹೋಗಬೇಡಿ, ಅತ್ತಲೇ ಹೋಗಿ.